ಮಕ್ಕಳ ಫುಟ್‌ಬಾಲ್ ಕ್ಲಬ್ಬಿನ ತಿಂಗಳ ಸುದ್ದಿ ಹಾಳೆ: ಏನು ಹಾಕುತ್ತೀರಿ, ಹೇಗೆ ನಡೆಸುತ್ತೀರಿ?

ಕೇಳಿದವರು, ಅಮ್ಮತ್ತಿ ಹತ್ತಿರದಿಂದ

ಎಲ್ಲರಿಗೂ ನಮಸ್ಕಾರ. ಕೊಡಗಿನ ಅಮ್ಮತ್ತಿ ಮತ್ತು ಸಿದ್ದಾಪುರದ ನಡುವಿನ ಒಂದು ಊರಲ್ಲಿ ನಾವು ಮೂವರು ಸೇರಿ ಮಕ್ಕಳ ಫುಟ್‌ಬಾಲ್ ಕ್ಲಬ್ ಶುರು ಮಾಡಿ ಏಳು ತಿಂಗಳಾಯಿತು. 7ರಿಂದ 14 ವರ್ಷದ 38 ಮಕ್ಕಳಿದ್ದಾರೆ, ಅದರಲ್ಲಿ ಹುಡುಗಿಯರು ಒಂಬತ್ತು. ಶಾಲೆಯ ಮೈದಾನದಲ್ಲಿ ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಆಟ.

ಆಟಕ್ಕೇನೂ ಕೊರತೆ ಇಲ್ಲ. ಮನೆಯವರಿಗೆ ಸುದ್ದಿ ಮುಟ್ಟಿಸುವುದೇ ಆಗುತ್ತಿಲ್ಲ. ವಾಟ್ಸಾಪ್ ಗುಂಪಿದೆ. ಗುಡ್ ಮಾರ್ನಿಂಗ್ ಹೂವುಗಳ ನಡುವೆ ನಮ್ಮ ಸೂಚನೆ ಮುಳುಗಿ ಹೋಗುತ್ತದೆ. ಮೊನ್ನೆ ಪಂದ್ಯ ರದ್ದು ಅಂತ ಹಾಕಿದ್ದನ್ನು ನೋಡದೆ ಐದು ಮನೆಯವರು ಮಕ್ಕಳನ್ನು ಜೀಪಲ್ಲಿ ಕೂರಿಸಿಕೊಂಡು ಬಂದೇ ಬಿಟ್ಟಿದ್ದರು. ಇನ್ನೊಂದು ವಿಷಯ. ಈ ಮಳೆಗಾಲದಲ್ಲಿ ಮೂರು ತಿಂಗಳು ಎಲ್ಲ ನಿಲ್ಲಿಸಿದೆವು. ಮತ್ತೆ ಶುರು ಮಾಡಿದಾಗ 11 ಮಕ್ಕಳು ವಾಪಸ್ ಬರಲಿಲ್ಲ.

ನವೆಂಬರ್‌ನಿಂದ ತಿಂಗಳಿಗೊಂದು ಸುದ್ದಿ ಹಾಳೆ ತರೋಣ ಅಂತ ಯೋಚನೆ. ಅದರಲ್ಲಿ ಏನಿರಬೇಕು? ವರ್ಷವಿಡೀ ಏನಾದರೂ ನಡೆಯುವ ಹಾಗೆ ನೋಡಿಕೊಳ್ಳುವುದು ಹೇಗೆ? ಮಾಡಿ ಅನುಭವ ಇದ್ದವರು ಹೇಳಿ.

ಕುಶಾಲನಗರದಿಂದ

ಮೊದಲು ಆ ಗುಂಪಲ್ಲಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿ. ಹರಟೆಗೆ ಬೇರೆ ಗುಂಪು ಇರಲಿ. ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ. ಹಾಳೆ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಬಿಟ್ಟುಬಿಡಿ. ವರ್ಷಕ್ಕೆ ಒಂಬತ್ತು ಸಾಕು. ಸುದ್ದಿಯೇ ಇಲ್ಲದ ತಿಂಗಳಲ್ಲಿ ಸುಮ್ನೆ ಪುಟ ತುಂಬಿಸಿ ಏನು ಪ್ರಯೋಜನ?

ಸುಂಟಿಕೊಪ್ಪ ಕಡೆ ಕ್ಲಬ್ ನಡೆಸುವವರು

ಒಂಬತ್ತು ವರ್ಷದಿಂದ ಈ ಹಾಳೆ ತರುತ್ತಿದ್ದೇನೆ. ಮೊದಲ ವರ್ಷ ನಾಲ್ಕು ಪುಟ ಇತ್ತು. ಅಧ್ಯಕ್ಷರ ಮಾತು, ಕೋಚ್ ಮಾತು, ಯುರೋಪಿನ ಲೀಗ್ ಸುದ್ದಿ, ಎಲ್ಲ ಹಾಕಿದ್ದೆ. ಯಾರೂ ಓದುತ್ತಿರಲಿಲ್ಲ. ಅದು ಗೊತ್ತಾದದ್ದು ಹೇಗೆಂದರೆ, ಮೂರನೇ ಹಾಳೆಯಲ್ಲಿ ಅಭ್ಯಾಸ ಬೆಳಿಗ್ಗೆ 7ಕ್ಕೆ ಎನ್ನುವ ಬದಲು ರಾತ್ರಿ 7ಕ್ಕೆ ಅಂತ ಬಿದ್ದಿತ್ತು. ಒಬ್ಬರೂ ಕೇಳಲಿಲ್ಲ!

ಈಗ ಒಂದೇ ಪುಟ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಆ ತಿಂಗಳ ದಿನಾಂಕಗಳು. ಕೆಳಗೆ ಹೋದ ತಿಂಗಳು ನಡೆದದ್ದು, ಐದಾರು ಸಾಲು. ಆಮೇಲೆ ಯಾವ ವಾರ ಯಾರ ಮನೆಯವರು ನೀರು, ಬಾಳೆಹಣ್ಣು ತರಬೇಕು ಎಂಬ ಪಟ್ಟಿ. ಅಷ್ಟೇ. ತಿಂಗಳ ಕೊನೆಯ ಶನಿವಾರ ಮಕ್ಕಳ ಕೈಗೇ ಕೊಡುತ್ತೇವೆ, ಗುಂಪಿಗೆ ಅದರ ಫೋಟೋ ಹಾಕುತ್ತೇವೆ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಕನ್ನಡ ಓದಲು ಬಾರದ ಅಪ್ಪ ಅಮ್ಮಂದಿರಿದ್ದಾರೆ. ಅವರಿಗಾಗಿ ಅದನ್ನೇ ಎರಡು ನಿಮಿಷದಲ್ಲಿ ಓದಿ ಹೇಳಿದ ಆಡಿಯೋ, ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು. ನಿಜ ಹೇಳಬೇಕೆಂದರೆ ಹಾಳೆಗಿಂತ ಆಡಿಯೋ ಕೇಳುವವರೇ ಜಾಸ್ತಿ.

ಮುಖ್ಯವಾದದ್ದು ಇದು. ಗೋಲು ಹೊಡೆದವನ ಹೆಸರು ಸಂಜೆಯೊಳಗೆ ಊರಿಗೇ ಗೊತ್ತಿರುತ್ತದೆ, ಅದಕ್ಕೆ ಹಾಳೆ ಬೇಕಾಗಿಲ್ಲ. ನಾನು ಒಂದು ನೋಟ್‌ಬುಕ್ಕಲ್ಲಿ ಎಲ್ಲ ಮಕ್ಕಳ ಹೆಸರು ಬರೆದಿಟ್ಟು, ಹಾಳೆಯಲ್ಲಿ ಬಂದವರಿಗೆ ಗುರುತು ಹಾಕುತ್ತೇನೆ. ಮೂರು ತಿಂಗಳಲ್ಲಿ ಒಂದು ಸಲವಾದರೂ ಪ್ರತಿ ಮಗುವಿನ ಹೆಸರು ಬರಬೇಕು. ಎಡಗಾಲಲ್ಲಿ ಮೊದಲ ಪಾಸ್ ಕೊಟ್ಟವಳು, ಸೋತ ಪಂದ್ಯದ ಕೊನೆಯವರೆಗೂ ಓಡಿದವನು, ಹೇಳದೆ ಬಲೆ ಮಡಚಿಟ್ಟವನು. ಈ ಲೆಕ್ಕ ಇಡಲು ಶುರು ಮಾಡಿದ ಮೇಲೆ ನನಗೇ ಗೊತ್ತಾಯಿತು, ಆರು ಮಕ್ಕಳ ಬಗ್ಗೆ ಬರೆಯಲು ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ. ಅವರನ್ನು ನಾನು ನೋಡಿಯೇ ಇರಲಿಲ್ಲ ಅಂತ ಅರ್ಥ.

ಇನ್ನು ವರ್ಷದ ಲೆಕ್ಕ. ಬೆಂಗಳೂರಿನ ಕ್ಲಬ್‌ಗಳ ವೇಳಾಪಟ್ಟಿ ತಂದು ಇಲ್ಲಿ ಅಂಟಿಸಬೇಡಿ. ನಮ್ಮಲ್ಲಿ ಮಳೆ ಮತ್ತು ಕಾಫಿ ಹೇಳಿದ ಹಾಗೆ ಕೇಳಬೇಕು. ಜೂನ್‌ನಿಂದ ಆಗಸ್ಟ್ ಮೈದಾನ ಮರೆತುಬಿಡಿ. ಜಿಲ್ಲಾಡಳಿತ ಮಳೆ ರಜೆ ಕೊಟ್ಟ ದಿನ ನಮ್ಮದೂ ರಜೆ. ಉಳಿದ ವಾರಗಳಲ್ಲಿ ಸಮುದಾಯ ಭವನದೊಳಗೆ ಒಂದು ಗಂಟೆ. ಒಳಾಂಗಣ ಆಟದ, ಪುಟಿಯುವುದು ಕಡಿಮೆ ಇರುವ ಫುಟ್‌ಸಾಲ್ ಚೆಂಡು ಒಂದಿದ್ದರೆ ನಾಲ್ಕು ನಾಲ್ಕು ಮಕ್ಕಳ ಆಟ ಆರಾಮಾಗಿ ಆಗುತ್ತದೆ. ಫಿಫಾದವರು ಮಕ್ಕಳಿಗಾಗಿಯೇ ಮಾಡಿದ 11 ಪ್ಲಸ್ ಕಿಡ್ಸ್ ಎಂಬ ವ್ಯಾಯಾಮಗಳಿವೆ. ಒಂಟಿಕಾಲಲ್ಲಿ ನಿಲ್ಲುವುದು, ಹಾರಿ ಸರಿಯಾಗಿ ಇಳಿಯುವುದು, ಬೀಳುವುದನ್ನು ಕಲಿಯುವುದು. ಅದಕ್ಕೆ ಮೈದಾನ ಬೇಡ. ಕುಶಾಲನಗರದ ಅಣ್ಣ ಮಳೆಗಾಲದಲ್ಲಿ ಹಾಳೆ ಬೇಡ ಎಂದರು. ನಾನು ಒಪ್ಪುವುದಿಲ್ಲ. ಮಕ್ಕಳು ಕೈ ಬಿಟ್ಟು ಹೋಗುವುದು ಆ ಮೂರು ತಿಂಗಳಲ್ಲೇ. ನಿಮ್ಮ 11 ಮಕ್ಕಳೂ ಹಾಗೇ ಹೋದದ್ದು ಅಲ್ವಾ?

ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬ ಮುಗಿಯುವ ಹೊತ್ತಿಗೆ ಹುಲ್ಲು ಮೊಣಕಾಲುದ್ದ ಇರುತ್ತದೆ. ತೋಟ ಇರುವ ಪೋಷಕರ ಮನೆಯಲ್ಲಿ ವೀಡ್ ಕಟರ್ ಇರುತ್ತದೆ, ಒಂದು ಭಾನುವಾರ ಶ್ರಮದಾನ ಮಾಡಿಸಿ. ಮಕ್ಕಳನ್ನು ಮಾತ್ರ ಆ ಯಂತ್ರದಿಂದ ದೂರ ಇಡಿ, ಕಲ್ಲು ಸಿಡಿಯುತ್ತದೆ. ಅಕ್ಟೋಬರ್‌ನಲ್ಲಿ ದಸರಾ ರಜೆ, ಒಂದು ದಿನದ ಶಿಬಿರಕ್ಕೆ ಒಳ್ಳೆಯ ಹೊತ್ತು. ಮಡಿಕೇರಿಯ ದಶಮಂಟಪಗಳ ರಾತ್ರಿ ಮೆರವಣಿಗೆ ನೋಡಿ ಬಂದ ಮರುದಿನ ಮಾತ್ರ ಯಾರೂ ಏಳುವುದಿಲ್ಲ. ಸುಗ್ಗಿ ಹಬ್ಬ ಹುತ್ತರಿಯ ದಿನ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗುವ ತನಕ ಆ ಆಸುಪಾಸಿನ ಪಂದ್ಯಗಳಿಗೆ ದಿನಾಂಕ ಹಾಕಬೇಡಿ.

ಆಮೇಲೆ ಕಾಫಿ ಕೊಯ್ಲು. ಮೊದಲು ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ, ಫೆಬ್ರವರಿ ದಾಟುವವರೆಗೂ ಯಾರಿಗೂ ಪುರುಸೊತ್ತಿಲ್ಲ. ಪಿಕಪ್‌ಗಳೆಲ್ಲ ಕಾಫಿ ಹೊರುತ್ತಿರುತ್ತವೆ. ನವೆಂಬರ್ ತನಕ ಚಿಕ್ಕವರು ಆಡುತ್ತಿದ್ದ ಕಾಫಿ ಕಣವೂ ಹಣ್ಣಿನಿಂದ ತುಂಬಿರುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ ಹೊರಗಿನ ಪಂದ್ಯ ಬೇಡ, ನಮ್ಮೊಳಗೇ ಬಣ್ಣದ ಬನಿಯನ್ ಹಾಕಿಸಿ ನಾಲ್ಕು ತಂಡದ ಲೀಗ್ ಆಡಿಸಿ. ಮಾರ್ಚ್ ಪರೀಕ್ಷೆ.

ಏಪ್ರಿಲ್, ಮೇ ನಮ್ಮ ಹಬ್ಬ. ಸುಂಟಿಕೊಪ್ಪದ ಗೋಲ್ಡ್ ಕಪ್‌ಗೆ, ಸುತ್ತಲಿನ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಪಂದ್ಯಗಳಿಗೆ ಮಕ್ಕಳನ್ನು ನೋಡಲು ಕರೆದುಕೊಂಡು ಹೋಗಿ. ಗ್ಯಾಲರಿಯಲ್ಲಿ ಕೂತು ಒಂದು ಪಂದ್ಯ ನೋಡಿದರೆ ನಾನು ಹತ್ತು ಸಲ ಹೇಳಿದ್ದು ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ. ಅದೇ ಹೊತ್ತಿಗೆ ಕೊಡವ ಕುಟುಂಬಗಳ ಹಾಕಿ ಹಬ್ಬವೂ ಇರುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದದ್ದು, ಈಗ ನೂರಾರು ಕುಟುಂಬಗಳ ತಂಡ ಆಡುತ್ತವೆ. ನಿಮ್ಮ ಅರ್ಧ ತಂಡ ಅಲ್ಲೇ ಇರುತ್ತದೆ. ಜಗಳಕ್ಕೆ ಹೋಗಬೇಡಿ. ಹಾಕಿ ಆಡುವ ಮಗುವಿಗೆ ಖಾಲಿ ಜಾಗ ನೋಡಿ ಓಡುವುದನ್ನು ಕಲಿಸಬೇಕಾಗಿಲ್ಲ.

ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗಿನ ಬಗ್ಗೆ ಏಪ್ರಿಲ್ ಹಾಳೆಯಲ್ಲಿ ಪ್ರತಿ ವರ್ಷ ಬರೆಯುತ್ತೇನೆ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಆಟ ನಿಲ್ಲಿಸಿ ಶಾಲೆ ಕಟ್ಟಡದೊಳಗೆ ಹೋಗಬೇಕು, ಮರದ ಕೆಳಗಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆಯೇ ಮತ್ತೆ ಮೈದಾನ.

ಸಿದ್ದಾಪುರ ಕಡೆಯ ಒಬ್ಬ ತಾಯಿ

ನನ್ನ ಮಗಳು ಆಡುತ್ತಾಳೆ, ಹನ್ನೊಂದು ವರ್ಷ. ಕೋಚ್‌ಗಳು ಯೋಚಿಸದ ಎರಡು ಮೂರು ವಿಷಯ ಹೇಳುತ್ತೇನೆ.

ಭಾನುವಾರ ಶಾಲೆಯ ಶೌಚಾಲಯಕ್ಕೆ ಬೀಗ. ನನ್ನ ಮಗಳು ಎರಡು ತಿಂಗಳು ಬೆಳಿಗ್ಗೆ ನೀರೇ ಕುಡಿಯದೆ ಆಟಕ್ಕೆ ಹೋಗುತ್ತಿದ್ದಳು. ತಲೆ ಸುತ್ತಿ ಕೂತ ಮೇಲೆ ನಮಗೆ ವಿಷಯ ಗೊತ್ತಾಯಿತು. ಹಾಳೆಯಲ್ಲಿ ಬೇರೇನು ಹಾಕದಿದ್ದರೂ ಪರವಾಗಿಲ್ಲ, ಕೀ ಯಾರ ಹತ್ತಿರ ಇದೆ ಅಂತ ಹಾಕಿ. ಒಂಬತ್ತು ಹುಡುಗಿಯರು ಇರುವುದು ದೊಡ್ಡ ವಿಷಯ ಸರ್. ಅವರು ಬಿಟ್ಟು ಹೋಗುವುದು ಆಟ ಬೇಜಾರಾಗಿ ಅಲ್ಲ, ಇಂಥದ್ದಕ್ಕೇ.

ಆನೆ. ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಶನಿವಾರದ ಆಟ ಐದಕ್ಕೇ ಮುಗಿಸಿ. ಕತ್ತಲಾಗುವ ಮೊದಲು ಮಕ್ಕಳು ಮನೆ ಸೇರಬೇಕು. ಭಾನುವಾರ ಮಂಜು ಕರಗದೆ ಶುರು ಮಾಡಬೇಡಿ. ನಮ್ಮಲ್ಲಿ ಎಂಟು ಗಂಟೆ. ಯಾವ ತೋಟದಲ್ಲಿ ಆನೆ ನಿಂತಿದೆ ಎಂಬುದು ತಿಂಗಳ ಹಾಳೆಗೆ ಕಾಯುವ ಸುದ್ದಿ ಅಲ್ಲ, ಅದಕ್ಕೆ ಆ ಅಡ್ಮಿನ್ ಗುಂಪೇ ಸರಿ.

ಕೊನೆಯದು. ನಾವು ಮೊದಲು ಇದ್ದ ಕ್ಲಬ್ಬಿನ ಹಾಳೆಯಲ್ಲಿ ಫೀಸು ಬಾಕಿ ಇರುವವರ ಪಟ್ಟಿ ಹಾಕಿದ್ದರು. ಮೂವರು ಮಕ್ಕಳು ಮಾರನೇ ವಾರದಿಂದ ಬರಲೇ ಇಲ್ಲ. ನಾವೂ ಆ ಮೇಲೆ ಬಿಟ್ಟೆವು, ನಮ್ಮದು ಬಾಕಿ ಇರಲಿಲ್ಲ. ದುಡ್ಡಿನ ಮಾತು ಅಪ್ಪ ಅಮ್ಮನ ಹತ್ತಿರ ಬೇರೆಯಾಗಿ ಆಡಿ.

ಸೋಮವಾರಪೇಟೆ ಕಡೆಯ ನಿವೃತ್ತ ಪಿಟಿ ಮಾಸ್ಟರ್

ಆ ತಾಯಿ ಹೇಳಿದ್ದಕ್ಕೆ ನನ್ನ ಓಟು. ನನ್ನದು ಇಷ್ಟು. ಹಾಳೆಯ ಒಂದು ಮೂಲೆಯಲ್ಲಿ ಪ್ರತಿ ತಿಂಗಳು ಪೋಷಕರಿಗೆ ಒಂದೇ ಒಂದು ಪಾಠ ಇಡಿ. ಒಂದೇ.

ಉದಾಹರಣೆಗೆ ಚೆಂಡು. ಎಂಟರ ಒಳಗಿನವರಿಗೆ 3ನೇ ಸೈಜು, ಹನ್ನೆರಡರ ತನಕ 4, ಆ ಮೇಲೆ 5. 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ಇರುತ್ತದೆ. ಹಳೆಯದಾಗಿ ನೀರು ಕುಡಿದರೆ ಇನ್ನೂ ಭಾರ. ಏಳು ವರ್ಷದ ಮಗು ಅದನ್ನು ಒದ್ದು ಕಾಲು ನೋವು ಅಂತ ಕೂತರೆ ತಪ್ಪು ಯಾರದ್ದು? ಇನ್ನೊಂದು ತಿಂಗಳು ಹೆಡ್ಡಿಂಗ್ ಬಗ್ಗೆ ಬರೆಯಿರಿ. ಇಂಗ್ಲೆಂಡಿನಲ್ಲಿ 2020ರಲ್ಲೇ ಪ್ರಾಥಮಿಕ ಶಾಲೆ ವಯಸ್ಸಿನ ಮಕ್ಕಳಿಗೆ ಅಭ್ಯಾಸದಲ್ಲಿ ತಲೆಯಿಂದ ಚೆಂಡು ಹೊಡೆಸಬೇಡಿ ಎಂದರು. ನಮ್ಮ ಅಪ್ಪಂದಿರು ಮಾತ್ರ ಗೆರೆಯಾಚೆ ನಿಂತು "ಹೆಡ್ ಮಾಡೋ" ಅಂತ ಕೂಗುತ್ತಾರೆ.

ಇನ್ನೊಂದು ತಿಂಗಳಿಗೆ ಬೂಟು. ಒದ್ದೆ ಬೂಟನ್ನು ಬಚ್ಚಲ ಒಲೆಯ ಮುಂದೆ ಇಟ್ಟರೆ ಅಂಟು ಬಿಟ್ಟು ಅಟ್ಟೆ ಕಳಚುತ್ತದೆ. ಒಳಗೆ ಹಳೆ ಪೇಪರ್ ತುರುಕಿ, ಒದ್ದೆಯಾದ ಹಾಗೆ ಬದಲಿಸಿ. ಹಾಗೇ, ಮೈದಾನಕ್ಕೆ ಗೆರೆ ಹಾಕಲು ಮನೆಯಲ್ಲಿರುವ ಸುಣ್ಣ ಬಳಸಬೇಡಿ. ಒದ್ದೆ ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಸುಡುತ್ತದೆ. ಸೀಮೆಸುಣ್ಣದ ಪುಡಿ ತನ್ನಿ.

ಹಾಳೆಯ ಒಂದು ಪ್ರತಿ ಶಾಲೆಯ ಮುಖ್ಯ ಶಿಕ್ಷಕರಿಗೆ, ಪಿಟಿ ಮಾಸ್ಟರಿಗೆ ತಪ್ಪದೆ ಕೊಡಿ. ಮೈದಾನ ಅವರದ್ದು ಎಂಬುದಷ್ಟೇ ಕಾರಣ ಅಲ್ಲ. 1960ರಿಂದ ನಡೆಯುತ್ತಿರುವ ಸುಬ್ರತೋ ಕಪ್ ಶಾಲಾ ತಂಡಗಳ ಪಂದ್ಯ. ನಿಮ್ಮ ಕ್ಲಬ್ ಹೆಸರಲ್ಲಿ ಹೋಗಲಾಗುವುದಿಲ್ಲ, ನಿಮ್ಮ ಮಕ್ಕಳು ಶಾಲೆಯ ಹೆಸರಲ್ಲಿ ಹೋಗಬಹುದು. ಯಾವ ಮಗು ಹೇಗೆ ಆಡುತ್ತಿದೆ ಅಂತ ಶಾಲೆಗೆ ಗೊತ್ತಿರಬೇಕಲ್ಲ. ಜನನ ಪ್ರಮಾಣಪತ್ರದ ನಕಲು ಈಗಲೇ ಸೇರಿಸಿಟ್ಟುಕೊಳ್ಳಿ. ಪಂದ್ಯದ ಹಿಂದಿನ ದಿನ ಓಡಾಡುವ ಕಷ್ಟ ನನಗೆ ಗೊತ್ತು. ಮಕ್ಕಳ ಫೋಟೋ ಹಾಕುವ ಮುಂಚೆ ಮನೆಯವರಿಂದ ಬರೆಸಿಕೊಳ್ಳಿ, ಬೇಡ ಎಂದವರನ್ನು ಒತ್ತಾಯ ಮಾಡಬೇಡಿ.

ಈಗ ಕಾಲೇಜಲ್ಲಿರುವ ಹುಡುಗ, ಊರು ನೆಲ್ಯಹುದಿಕೇರಿ ಹತ್ತಿರ

ನಾನು ಇಂಥದ್ದೇ ಕ್ಲಬ್ಬಲ್ಲಿ ಬೆಳೆದವನು. ನಮ್ಮ ಹಾಳೆಯನ್ನು ಬಸ್ ಸ್ಟಾಪ್ ಹತ್ತಿರದ ಅಂಗಡಿಯ ಗೋಡೆಗೆ ಅಂಟಿಸುತ್ತಿದ್ದರು. ಒಂದು ತಿಂಗಳು ನನ್ನ ಹೆಸರು ತಪ್ಪಾಗಿ ಬಂದಿತ್ತು. ಸಿಟ್ಟಲ್ಲಿ ಹೋಗಿ ಕೋಚ್ ಹತ್ತಿರ ಜಗಳ ಆಡಿದೆ. "ಹಾಗಾದರೆ ಬರುವ ತಿಂಗಳು ನೀನೇ ನೋಡಿ ತಿದ್ದು" ಎಂದರು. ಆಮೇಲೆ ಎರಡು ವರ್ಷ ಹಾಳೆ ಬರೆದದ್ದು ನಾನೇ. ಆಗ ನಾನು ಎಂಟನೇ ಕ್ಲಾಸು. ಸರ್, ನೀವು ಬರೆಯಬೇಡಿ, ದೊಡ್ಡ ಮಕ್ಕಳ ಕೈಲಿ ಬರೆಸಿ. ಬೆಂಚಲ್ಲಿ ಕೂರುವವರ ಕೈಲಿ ಬರೆಸಿದರೆ ಇನ್ನೂ ಒಳ್ಳೆಯದು, ಅವರು ಪಂದ್ಯವನ್ನು ಪೂರ್ತಿ ನೋಡಿರುತ್ತಾರೆ.

ಮತ್ತೆ, ಎಲ್ಲರೂ ಮೊದಲು ಓದುತ್ತಿದ್ದದ್ದು ಕಳೆದು ಸಿಕ್ಕಿದ ವಸ್ತುಗಳ ಪಟ್ಟಿ. ಅದನ್ನು ಕೆಳಗೆ ಹಾಕಿ. ಅದನ್ನು ಹುಡುಕುತ್ತಾ ಉಳಿದದ್ದನ್ನೂ ಓದುತ್ತಾರೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೀಗದ ವಿಷಯ ಓದಿ ನಾಚಿಕೆಯಾಯಿತು, ನಮ್ಮಲ್ಲೂ ಅದೇ ಕಥೆ. ನಿನ್ನೆ ಮುಖ್ಯ ಶಿಕ್ಷಕರ ಹತ್ತಿರ ಹೋಗಿ ಒಂದು ಕೀ ತಂದೆ. ಬೆಂಚಲ್ಲಿ ಕೂರುವ ಇಬ್ಬರು, ಒಬ್ಬ ಹುಡುಗ ಒಬ್ಬಳು ಹುಡುಗಿ, ಮೊದಲ ಹಾಳೆ ಬರೆದಿದ್ದಾರೆ. ನಾನು ಕಾಗುಣಿತ ಮಾತ್ರ ನೋಡಿದೆ. ಹೆಸರುಗಳನ್ನು ಬಿಟ್ಟು ಇಲ್ಲಿ ಹಾಕುತ್ತಿದ್ದೇನೆ, ತಪ್ಪಿದ್ದರೆ ಹೇಳಿ.

"ನವೆಂಬರ್. ಆಟ: ಶನಿವಾರ 3ರಿಂದ 5, ಭಾನುವಾರ 8ರಿಂದ 10. ಹುತ್ತರಿಗೆ ರಜೆ, ದಿನ ಆಮೇಲೆ ಹೇಳುತ್ತೇವೆ. ಶೌಚಾಲಯದ ಕೀ ಗೋಲ್ ಪೋಸ್ಟ್ ಹಿಂದಿನ ಮನೆಯ ಅಜ್ಜಿ ಹತ್ತಿರ ಇದೆ, ಕೇಳಿದರೆ ಕೊಡುತ್ತಾರೆ, ಬೈಯುವುದಿಲ್ಲ. ಅಕ್ಟೋಬರ್‌ನಲ್ಲಿ ಎರಡು ಪಂದ್ಯ ಆಡಿದೆವು. ಒಂದು 4-0 ಸೋತೆವು. ಇನ್ನೊಂದು 1-1. ಎರಡನೇ ಪಂದ್ಯದಲ್ಲಿ ನಮ್ಮ ಗೋಲ್‌ಕೀಪರ್ ಏಳು ಚೆಂಡು ಹಿಡಿದ, ಎಂಟನೆಯದು ಮಂಜಲ್ಲಿ ಕಾಣಲಿಲ್ಲವಂತೆ. ಹೊಸದಾಗಿ ಸೇರಿದವರು ಇಬ್ಬರು. ಮಳೆಗಾಲದಲ್ಲಿ ಬಿಟ್ಟು ಹೋದವರ ಮನೆಗೆ ಈ ಹಾಳೆ ನಾವೇ ಕೊಟ್ಟು ಬರುತ್ತೇವೆ. ಸಿಕ್ಕಿದ ವಸ್ತು: ನೀಲಿ ನೀರಿನ ಬಾಟಲಿ ಎರಡು, ಒಂದು ಕೊಡೆ, ಎಡಗಾಲಿನ ಬೂಟು ಒಂದು. ಬಲಗಾಲಿನದ್ದನ್ನು ಮಾತ್ರ ಹಾಕಿಕೊಂಡು ಮನೆಗೆ ಹೋದವರು ಯಾರು?"