ಪ್ರವಾಹದ ನೀರು ಬಾವಿಗೆ ನುಗ್ಗಿದೆ, ಕುದಿಸಿದರೆ ಸಾಕಾ?

ಪ್ರಶ್ನೆ: ಮೊನ್ನೆ ನೆರೆ ಇಳಿಯಿತು. ಬಾವಿ ನೀರು ಇನ್ನೂ ಚಹಾ ಬಣ್ಣದಲ್ಲಿದೆ, ಲೋಟದ ತಳದಲ್ಲಿ ಕೆಸರು ಕೂರುತ್ತದೆ. ಸರ್ಕಾರದ ಸೂಚನೆಯಲ್ಲಿ ಕ್ಲೋರಿನ್ ಹಾಕಿ ಎಂದಿದೆ. ಸುಮ್ನೆ ಕುದಿಸಿ ಕುಡಿದರೆ ಆಗಲ್ವಾ? ಮನೆಯಲ್ಲಿ ಪುಟ್ಟ ಮಗು ಇದೆ, ಭಯ ಆಗುತ್ತಿದೆ.

ಉತ್ತರ 1: ದಯವಿಟ್ಟು ಮಗುವಿಗೆ ಈಗ ಆ ನೀರು ಕೊಡಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಗುಳ್ಳೆ ಜೋರಾಗಿ ಏಳುವಂತೆ 1 ನಿಮಿಷ ಕುದಿಸಿದರೆ ಸಾಕು. ಆದರೆ ಗೊಬ್ಬರದ ನೈಟ್ರೇಟ್, ಕೀಟನಾಶಕ, ಡೀಸೆಲ್ ಸೇರಿದ್ದರೆ ಕುದಿಸಿ ಪ್ರಯೋಜನವಿಲ್ಲ. ನೀರು ಆವಿಯಾದಷ್ಟೂ ನೈಟ್ರೇಟ್ ಜಾಸ್ತಿಯೇ ಆಗುತ್ತದೆ, ಹಸುಗೂಸುಗಳಿಗೆ ಅದು ತುಂಬಾ ಅಪಾಯ.

ಉತ್ತರ 2: ಮೊದಲು ಕೆಸರು ನೀರು ಪೂರ್ತಿ ಹೊರಗೆ ಹಾಕಿ, ಆಮೇಲೆ ಕ್ಲೋರಿನ್. ಕೆಸರಿದ್ದರೆ ಕ್ಲೋರಿನ್ ಅದರ ಜೊತೆಯೇ ಖರ್ಚಾಗಿ ಹೋಗುತ್ತದೆ. ಕುಡಿಯುವ ನೀರಿಗೆ ಕ್ಲೋರಿನ್ ಹಾಕಿ 30 ನಿಮಿಷ ಆದಮೇಲೂ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮತ್ತೆ, ಪಂಪ್ ನೆನೆದಿದ್ದರೆ ಎಲೆಕ್ಟ್ರಿಷಿಯನ್ ನೋಡುವ ತನಕ ಸ್ವಿಚ್ ಮುಟ್ಟಲೇಬೇಡಿ.

ಪ್ರಶ್ನೆ ಕೇಳಿದವರು: ನೈಟ್ರೇಟ್ ವಿಷಯ ಗೊತ್ತೇ ಇರಲಿಲ್ಲ. ನಾಳೆಯೇ ನೀರನ್ನು ಪರೀಕ್ಷೆಗೆ ಕೊಡುತ್ತೇನೆ, ಅಲ್ಲಿವರೆಗೆ ಟ್ಯಾಂಕರ್ ನೀರು.