‘ಅಗ್ನಿನಿರೋಧಕ ಕಿಟಕಿ’ ಅಂದರೆ ಯಾವುದನ್ನು ತಡೆಯುವ ಕಿಟಕಿ?

ಗೆಳೆಯರೆ, ನಮಸ್ಕಾರ.

ಚಿಕ್ಕಮಗಳೂರು ಸುತ್ತಮುತ್ತ ಹಳೇ ತೋಟದ ಮನೆಗಳಿಗೆ ಹೋಂಸ್ಟೇ ಕೋಣೆಗಳನ್ನು ಸೇರಿಸಿ ಕಟ್ಟುವ ಕೆಲಸ ಈಗ ಜೋರಾಗಿದೆ. ಅಂಥ ಕಟ್ಟಡಗಳ ನಕ್ಷೆ ಮಾಡುವವಳು ನಾನು. ನಕ್ಷೆಯ ಜೊತೆಗೆ ಮೇಸ್ತ್ರಿಗೂ ಮನೆಯವರಿಗೂ ಅರ್ಥವಾಗುವಂತೆ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಡುತ್ತೇನೆ. ಆಲ್ದೂರು ಕಡೆಯ ಒಂದು ಮನೆಗೆ ಬರೆಯುತ್ತಿರುವ ಟಿಪ್ಪಣಿಯಲ್ಲಿ ಕಿಟಕಿಗಳ ವಿಷಯಕ್ಕೆ ಬಂದಾಗ ಕೆಲವು ಪದಗಳು ಕೈಕೊಡುತ್ತಿವೆ. ಬಲ್ಲವರು ಹೇಳಬೇಕು.

ಹಳೇ ಮನೆ ಮಂಗಳೂರು ಹೆಂಚಿನದು. ತೊಲೆ, ಜಂತೆ, ಅಟ್ಟ ಎಲ್ಲವೂ ಮರ. ಅಟ್ಟದ ತುಂಬ ಗೋಣಿಚೀಲ. ಹೊಸ ಎರಡಂತಸ್ತಿನ ಭಾಗ ಒಂದು ಮೂಲೆಯಲ್ಲಿ ಹಳೇ ಗೋಡೆಗೆ ಅಂಟಿಕೊಂಡು, ಉಳಿದ ಉದ್ದಕ್ಕೂ ನಾಲ್ಕಡಿ ಸಂದಿ ಬಿಟ್ಟು ಏಳುತ್ತದೆ. ಸಂದಿಯ ಎರಡೂ ಕಡೆ ಎದುರುಬದುರು ಕಿಟಕಿಗಳು. ಮೇಲಂತಸ್ತಿನ ಕಿಟಕಿಗಳಂತೂ ಹಳೇ ಮಾಡಿನ ಮೇಲೇ ತೆರೆಯುತ್ತವೆ. ಅಟ್ಟಕ್ಕೆ ಬೆಂಕಿ ಬಿದ್ದು ಹೆಂಚು ಕುಸಿದರೆ ಜ್ವಾಲೆ ನೇರ ಹೋಗುವುದು ಅತಿಥಿಗಳು ಮಲಗಿರುವ ಕೋಣೆಗೆ. ಹಾಗಾಗಿ ಅಲ್ಲಿ ‘ಅಗ್ನಿನಿರೋಧಕ ಕಿಟಕಿ’ ಹಾಕಬೇಕು ಎಂದು ಬರೆದೆ. ಮನೆಯವರು ಓದಿ, “ಗಾಜು ಉರಿಯೋದಿಲ್ವಲ್ಲ ಮೇಡಂ, ಯಾವ ಗಾಜಾದ್ರೂ ಅಗ್ನಿನಿರೋಧಕಾನೇ ಅಲ್ವಾ?” ಎಂದು ಕೇಳಿದರು. ಕನ್ನಡ ಓದುವ ಯಾರಿಗಾದರೂ ಬರುವ ಪ್ರಶ್ನೆ ಇದು, ನ್ಯಾಯವಾದದ್ದೂ ಹೌದು.

ನಾವು ಬೀರುವಿಗೂ ಬಣ್ಣಕ್ಕೂ ಪರದೆಗೂ ಬಾಗಿಲಿಗೂ ಇದೊಂದೇ ಪದ ಹಚ್ಚುತ್ತೇವೆ. ಉರಿಯದಿರುವುದು ಒಂದು ಗುಣ, ಬೆಂಕಿಯನ್ನು ಆಚೆಗೆ ಬಿಡದಿರುವುದು ಬೇರೆಯೇ ಗುಣ. ಸಾಮಾನ್ಯ ಗಾಜು ಉರಿಯುವುದಿಲ್ಲ, ಆದರೆ ಬೆಂಕಿ ಹತ್ತಿದ ಸ್ವಲ್ಪ ಹೊತ್ತಿಗೇ ಸೀಳುತ್ತದೆ. ನಡುಭಾಗ ಕಾದು ಹಿಗ್ಗುತ್ತದೆ, ಚೌಕಟ್ಟಿನೊಳಗೆ ಅಡಗಿದ ಅಂಚು ಇನ್ನೂ ತಣ್ಣಗಿರುತ್ತದೆ. ಆ ಎಳೆದಾಟಕ್ಕೆ ಅಂಚಿನಿಂದ ಬಿರುಕು ಹೊರಡುತ್ತದೆ. ಟಫನ್ಡ್ ಗಾಜು ಇನ್ನಷ್ಟು ಕಾವು ತಡೆದುಕೊಂಡರೂ ಒಡೆದಾಗ ಇಡೀ ಹಲಗೆ ಒಮ್ಮೆಗೇ ಪುಡಿಯಾಗಿ ಉದುರುತ್ತದೆ. ಒಳಗೆ ತಂತಿಬಲೆ ಇರುವ ಗಾಜು ಬಿರುಕು ಬಿಡುತ್ತದೆ, ಆದರೆ ಚೂರುಗಳನ್ನು ಬಲೆ ಹಿಡಿದಿಡುತ್ತದೆ. ಉಕ್ಕಿನ ಚೌಕಟ್ಟಿನಲ್ಲಿ ಸರಿಯಾಗಿ ಕೂರಿಸಿದ್ದರೆ ಜ್ವಾಲೆ ದಾಟುವುದಿಲ್ಲ.

ಜ್ವಾಲೆ ದಾಟದಿದ್ದರೂ ಝಳ ದಾಟುತ್ತದೆ. ನನ್ನ ಮುಖ್ಯ ಪ್ರಶ್ನೆ ಇರುವುದು ಈ ‘ಝಳ’ದ ಬಗ್ಗೆಯೇ. ಪಠ್ಯಪುಸ್ತಕದ ‘ವಿಕಿರಣ’ ಎಂದರೆ ನಮ್ಮ ಜನ ಎಕ್ಸ್‌ರೇ, ಅಣುಸ್ಥಾವರ ಎಂದುಕೊಳ್ಳುತ್ತಾರೆ. ‘ಶಾಖ’ ಎಂದರೆ ಗಾಳಿಯ ಬಿಸಿಯೂ ಸೇರಿಬಿಡುತ್ತದೆ. ಒಲೆಯ ಮುಂದೆ ಕೂತವರ ಮುಖಕ್ಕೆ ನೇರವಾಗಿ ಬಡಿಯುವ ಬಿಸಿಗೆ ನಮ್ಮಲ್ಲಿ ಝಳ ಎಂಬ ಮಾತು ಮೊದಲಿಂದಲೂ ಇದೆ, ಬಿಸಿಲಿನ ಝಳಕ್ಕೂ ಅದೇ. ಮುಟ್ಟದೆ, ಗಾಳಿಯ ಹಂಗಿಲ್ಲದೆ ಸುಡುವುದನ್ನು ಇಷ್ಟು ಕರಾರುವಾಕ್ಕಾಗಿ ಹೇಳುವ ಇನ್ನೊಂದು ಪದ ನನಗಂತೂ ಕಾಣದು.

ಕಟ್ಟಡಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬ ಲೆಕ್ಕದ ಹಿಂದೆ ಇರುವುದೂ ಬಹುಪಾಲು ಈ ಝಳವೇ. 1958ರ ಚಳಿಗಾಲದಲ್ಲಿ ಕೆನಡಾದ ಸೇಂಟ್ ಲಾರೆನ್ಸ್ ನದಿಯ ಯೋಜನೆಯಲ್ಲಿ ಮುಳುಗಲಿದ್ದ ಒಂದು ಊರಿನ ಖಾಲಿ ಕಟ್ಟಡಗಳಿಗೆ ಅಲ್ಲಿನ ವಿಜ್ಞಾನಿಗಳು ಬೇಕೆಂದೇ ಬೆಂಕಿಯಿಟ್ಟು ಅಳೆದರು. ಹೇಮಾವತಿ ಹಿನ್ನೀರಲ್ಲಿ ಊರು ಬಿಟ್ಟುಕೊಟ್ಟ ಹಾಸನದ ಕಡೆಯವರಿಗೆ ಅಂಥ ಊರು ಹೇಗಿರುತ್ತದೆಂದು ಹೇಳಬೇಕಿಲ್ಲ. ಉರಿಯುವ ಮನೆಯ ಕಿಟಕಿಗಳಿಂದ ಹೊರಬೀಳುವ ಝಳ ಎದುರು ಮನೆಯನ್ನು ಎಷ್ಟು ದೂರದವರೆಗೆ ಹೊತ್ತಿಸಬಲ್ಲದು ಎಂಬುದು ಅಲ್ಲಿ ಅಂಕಿಗೆ ಸಿಕ್ಕಿತು. ಚದರ ಮೀಟರಿಗೆ ಸುಮಾರು 12.5 ಕಿಲೋವ್ಯಾಟ್ ಝಳ ಬಿದ್ದರೆ, ಹತ್ತಿರ ಒಂದು ಕಿಡಿಯಿದ್ದರೂ ಸಾಕು, ಮರ ಹೊತ್ತಿಕೊಳ್ಳುತ್ತದೆ. ನಮ್ಮ ತೋಟದ ಮನೆಯ ಸೂರಿನಂಚು, ಕಿಟಕಿ ಚೌಕಟ್ಟು ಎಲ್ಲವೂ ಮರವೇ.

ಹಾಗಾಗಿ ನನ್ನ ಸಲಹೆ: ಸುಡದ ವಸ್ತುವಿಗೆ ‘ಉರಿಯದ’ ಎಂದಷ್ಟೇ ಹೇಳೋಣ. ತಂತಿಗಾಜಿನಂಥದ್ದಕ್ಕೆ ‘ಜ್ವಾಲೆತಡೆ’. ಪದರಗಳ ನಡುವೆ ಲೇಪವಿದ್ದು, ಕಾದಾಗ ಅದು ಉಬ್ಬಿ ಮಬ್ಬಾಗಿ ಬಿಸಿಯನ್ನೂ ತಡೆಯುವ ದುಬಾರಿ ಗಾಜಿಗೆ ‘ಝಳತಡೆ’. ಜೊತೆಗೆ ಎಷ್ಟು ಹೊತ್ತು ಎಂಬುದನ್ನು ಬಿಡಲೇಬಾರದು. ಬೆಂಕಿಯನ್ನು ಸದಾಕಾಲ ನಿರೋಧಿಸುವ ಕಿಟಕಿ ಇಲ್ಲವೇ ಇಲ್ಲ. ಪರೀಕ್ಷೆಯಲ್ಲಿ ಅದು ನಿಮಿಷಗಳ ಲೆಕ್ಕದಲ್ಲೇ ಪಾಸಾಗುವುದು. ‘60 ನಿಮಿಷ ತಾಳಿಕೆಯ ಜ್ವಾಲೆತಡೆ ಕಿಟಕಿ’ ಎಂದರೆ ಮೇಸ್ತ್ರಿಗೂ ಗೊತ್ತಾಗುತ್ತದೆ, ಅಂಗಡಿಯವರ ಹತ್ತಿರ ಪ್ರಮಾಣಪತ್ರ ಕೇಳುವುದಕ್ಕೂ ಬರುತ್ತದೆ.

ಇನ್ನೊಂದು ತೊಡಕು ‘ರಕ್ಷಿತ’ (ಪ್ರೊಟೆಕ್ಟೆಡ್) ಎಂಬುದರದು. ಇಷ್ಟು ಹೊತ್ತು ಬೆಂಕಿಯನ್ನು ತಡೆಯುತ್ತದೆಂದು ಪರೀಕ್ಷೆಯಲ್ಲಿ ಪಾಸಾದ ಕಿಟಕಿಗೆ ಹೀಗೆನ್ನುತ್ತಾರೆ. ಅಮೆರಿಕದ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್‌ನಲ್ಲಿ ಒಂದೇ ನಿವೇಶನದ ಎರಡು ಕಟ್ಟಡಗಳ ನಡುವೆ ಒಂದು ಕಲ್ಪಿತ ಗೆರೆ ಎಳೆಯುತ್ತಾರೆ. ಗೆರೆಗೂ ಗೋಡೆಗೂ ಮೂರಡಿಗಿಂತ ಕಮ್ಮಿ ಇದ್ದರೆ ಆ ಗೋಡೆಯಲ್ಲಿ ಕಿಟಕಿಯೇ ಕೂಡದು. ಮೂರರಿಂದ ಐದಡಿಯೊಳಗೆ ಇದ್ದರೆ ಆ ಅಂತಸ್ತಿನ ಗೋಡೆಯ ವಿಸ್ತೀರ್ಣದಲ್ಲಿ ಶೇಕಡಾ 15ರಷ್ಟು ‘ರಕ್ಷಿತ’ ಕಿಟಕಿಗೆ ಅವಕಾಶ. ಎರಡೂ ಸೇರಿ ಒಂದೇ ಕಟ್ಟಡವೆಂದು ತೋರಿಸಿದರೆ ಗೆರೆ ಬೇಡ, ಆದರೆ ಆಗ ಒಟ್ಟು ವಿಸ್ತೀರ್ಣದ ಮಿತಿ ಬರುತ್ತದೆ. ನಮ್ಮ ನಾಲ್ಕಡಿ ಸಂದಿಯನ್ನು ಪ್ರತ್ಯೇಕ ಕಟ್ಟಡಗಳೆಂದು ಅಲ್ಲಿನ ಲೆಕ್ಕಕ್ಕೆ ಹಾಕಿ, ಗೆರೆಯನ್ನು ನಟ್ಟನಡುವೆ ಎಳೆದರೆ ಎರಡೂ ಗೋಡೆಗೆ ಒಂದು ಕಿಟಕಿಯೂ ಉಳಿಯುವುದಿಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ ಬೆಂಕಿಯ ವಿಷಯ ನಾಲ್ಕನೇ ಭಾಗದಲ್ಲಿದೆ.

‘ರಕ್ಷಿತ ಕಿಟಕಿ’ ಎಂದರೆ ಕನ್ನಡದಲ್ಲಿ ಕಳ್ಳರಿಂದ ರಕ್ಷಿತ, ಗ್ರಿಲ್ ಹಾಕಿದ್ದು ಎಂದೇ ಕೇಳಿಸುತ್ತದೆ. ಇಲ್ಲಿ ಕಾಪಾಡಬೇಕಾದದ್ದು ಕಿಟಕಿಯನ್ನಲ್ಲ, ಅದರ ಆಚೆ ಇರುವವರನ್ನು. ‘ತಡೆಯಿರುವ ತೆರಪು’, ‘ತಡೆಯಿಲ್ಲದ ತೆರಪು’ ಎಂದರೆ ಹೇಗೆ? ಕಿಟಕಿ, ಬಾಗಿಲು, ಬೆಳಕಿಂಡಿ ಎಲ್ಲಕ್ಕೂ ಸೇರಿ ಒಂದು ಮಾತು ಬೇಕು. ಕಿಂಡಿ ಚಿಕ್ಕದಾಯಿತು, ಕಂಡಿ ಎಂದರೆ ನಮ್ಮಲ್ಲಿ ಬೇಲಿಯ ನೆನಪು ಬರುತ್ತದೆ.

‘ಕಿಟಕಿ ಮುಚ್ಚಿ’ ಎಂದು ಬರೆಯುವುದೂ ಅಪಾಯ. ಬಾಗಿಲೆಳೆದು ಚಿಲಕ ಹಾಕುವುದೂ ಮುಚ್ಚುವುದೇ, ಇಟ್ಟಿಗೆಯಿಟ್ಟು ಗಾರೆ ಮಾಡುವುದೂ ಮುಚ್ಚುವುದೇ. ಮಲಗುವ ಕೋಣೆಯಿಂದ ತಪ್ಪಿಸಿಕೊಳ್ಳಲು ಇರುವ ಒಂದೇ ಕಿಟಕಿಯನ್ನು ಇಟ್ಟಿಗೆಯಿಟ್ಟು ಮುಚ್ಚಿದರೆ ಬೆಂಕಿ ತಡೆಯಲು ಹೋಗಿ ಜನರನ್ನು ಒಳಗೇ ಸಿಕ್ಕಿಸಿದಂತಾಗುತ್ತದೆ. ಹಾಗಾಗಿ ‘ಇಟ್ಟಿಗೆಯಿಟ್ಟು ಮುಚ್ಚಿ’, ‘ತೆರೆಯಲು ಬಾರದ ಹಾಗೆ ಗಾಜು ಕೂರಿಸಿ’ ಎಂದು ಬಿಡಿಸಿಯೇ ಬರೆಯುತ್ತಿದ್ದೇನೆ. ಪೇಟೆಯಲ್ಲಿ ಪಕ್ಕದವರ ಹಳೇ ಕಿಟಕಿಗೆ ಅಡ್ಡ ಕಟ್ಟುವವರಿಗೆ ಇನ್ನೊಂದು ವ್ಯಾಜ್ಯವಿದೆ: 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ಅಡ್ಡಿಯಿಲ್ಲದೆ ಅನುಭವಿಸಿದ ಗಾಳಿ ಬೆಳಕು ಹಕ್ಕಾಗಿಬಿಡುತ್ತದೆ. ಈ ತೋಟದ ಮನೆಗೆ ಆ ತಾಪತ್ರಯವಿಲ್ಲ, ಎರಡಕ್ಕೂ ಯಜಮಾನರು ಒಬ್ಬರೇ.

ನಿಮ್ಮಲ್ಲಿ ಕೇಳುವುದಿಷ್ಟು. ಸಕಲೇಶಪುರ, ಬೇಲೂರು, ಅರಸೀಕೆರೆ, ಕಡೂರು ಕಡೆ ‘ಝಳ’ ಇದೇ ಅರ್ಥದಲ್ಲಿ ಮಾತಿನಲ್ಲಿದೆಯೆ, ಅಥವಾ ಕಾವು, ಧಗೆ ಎನ್ನುತ್ತಾರೆಯೆ? ಧಗೆಗೆ ಸೆಖೆಯ ಅರ್ಥವೂ ಸೇರಿಕೊಂಡಿರುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಹಾಗೆಯೇ ಒಂದು ಭಾಗದ ಬೆಂಕಿ ಇನ್ನೊಂದಕ್ಕೆ ಹೋಗದಂತೆ ನಡುವೆ ಎತ್ತಿ ಕಟ್ಟುವ ಗೋಡೆಗೆ ಗಾರೆ ಕೆಲಸದವರ ಬಾಯಲ್ಲಿ ಯಾವುದಾದರೂ ಹೆಸರು ಇದ್ದರೆ ತಿಳಿಸಿ. ಕ್ರಯಪತ್ರದ ‘ಜಂಟಿ ಗೋಡೆ’ ಬೇಡ, ಅದು ಯಜಮಾನಿಕೆಯ ಮಾತು.