ಸೊಸೈಟಿ ಸಾಲಕ್ಕೆ ಜಾಮೀನು ಹಾಕುವುದು: ಬೈಬಲ್ ಬೇಡ ಅನ್ನುತ್ತದಾ?

ಕುಲಶೇಖರದವ

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ವಾರ್ಡಿನ ಒಂದು ಕುಟುಂಬ ಮಗಳ ಮದುವೆಗೆ ಸಹಕಾರಿ ಸೊಸೈಟಿಯಲ್ಲಿ 5 ಲಕ್ಷ ಜಾಮೀನು ಸಾಲಕ್ಕೆ ಅರ್ಜಿ ಹಾಕಿದೆ. ಬಡ್ಡಿ 12 ಪರ್ಸೆಂಟ್, 60 ಕಂತು. ಇಬ್ಬರು ಸದಸ್ಯರ ಜಾಮೀನು ಬೇಕಂತೆ. ಒಬ್ಬರು ಸಿಕ್ಕಿದ್ದಾರೆ, ಇನ್ನೊಂದು ಸಹಿ ನನ್ನದು ಬೇಕು ಅಂತ ಕೇಳಿದ್ದಾರೆ. ರೋಸಿಗೆ, ಅಂದರೆ ಮದುವೆಯ ಮೊದಲಿನ ಶಾಸ್ತ್ರಕ್ಕೆ, ಇನ್ನು ಆರೇ ವಾರ ಉಂಟು.

ಜ್ಞಾನೋಕ್ತಿ 22:26ರಲ್ಲಿ ಸಾಲಕ್ಕೆ ಹೊಣೆಯಾಗಬೇಡ ಅಂತ ನೇರವಾಗಿಯೇ ಉಂಟು. ಗಲಾತ್ಯ 6:2ರಲ್ಲಿ ಒಬ್ಬರ ಭಾರ ಇನ್ನೊಬ್ಬರು ಹೊರಬೇಕು ಅಂತಲೂ ಉಂಟು. ಒಂದೇ ಪೂಜೆಗೆ ಬರುವವರು, ಒಂದೇ ಬೆಂಚಿನಲ್ಲಿ ಕೂರುವವರು. ಇಲ್ಲಿ ಯಾವ ವಚನ ಹಿಡಿಯುವುದು? ಸಹಿ ಹಾಕುವುದಾದರೆ ಏನೇನು ನೋಡಬೇಕು? ತಿಳಿದವರು ಬಿಡಿಸಿ ಹೇಳಿ.

ಕಲ್ಯಾಣಪುರ ಓದುಗ

22:26 ಓದಿದ ಮೇಲೆ 27ನ್ನೂ ಓದಬೇಕು, ಕಾರಣ ಇರುವುದು ಅಲ್ಲಿ. ತೀರಿಸಲಿಕ್ಕೆ ನಿನ್ನಲ್ಲಿ ಏನೂ ಇಲ್ಲದಿದ್ದರೆ ನಿನ್ನ ಮೈಕೆಳಗಿನ ಹಾಸಿಗೆಯನ್ನೇ ಎಳೆದುಕೊಂಡು ಹೋದಾರು ಎಂಬ ಅರ್ಥದ ಮಾತು ಅದು. ಅಂದರೆ ಸಹಾಯ ಮಾಡಬೇಡ ಎಂದು ಹೇಳುತ್ತಿಲ್ಲ. ಇಲ್ಲದ ಹಣದ ಮೇಲೆ ಮಾತು ಕೊಡಬೇಡ ಎನ್ನುತ್ತಿದೆ. 17:18ರಲ್ಲಿ ಕೈಗೆ ಕೈ ಹೊಡೆದು ಹೊಣೆಯಾಗುವವನನ್ನು ಬುದ್ಧಿ ಇಲ್ಲದವನು ಎನ್ನುತ್ತದೆ. ಆ ಕಾಲಕ್ಕೆ ಕೈ ಹೊಡೆಯುವುದೇ ಸಹಿ. ಲೆಕ್ಕ ಕೇಳದೆ, ಮುಖ ನೋಡಿ, ನಿಂತಲ್ಲೇ ಒಪ್ಪಿಕೊಳ್ಳುವ ಆ ಆತುರಕ್ಕೇ ಅಲ್ಲಿ ಬೈಗುಳ ಬಿದ್ದಿರುವುದು.

ಒಂದು ಶಬ್ದದ ಕಡೆ ನೋಡಿ. ಪೇಟೆಯಲ್ಲಿ ನಾವು 'ಜಾಮೀನು' ಅನ್ನುತ್ತೇವೆ, ಕನ್ನಡ ಬೈಬಲಿನಲ್ಲಿ ಬರುವುದು 'ಹೊಣೆ'. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟಿನಲ್ಲೂ ಹೊಣೆಗೆ ಜಾಮೀನು ಎಂಬ ಅರ್ಥ ಉಂಟು. 'ಜಾಮೀನು ಹಾಕಿದೆ' ಎಂದಾಗ ಒಂದು ಕಾಗದಕ್ಕೆ ಸಹಿ ಮಾಡಿ ಬಂದ ಹಾಗೆ ಕೇಳುತ್ತದೆ. 'ನಾನು ಹೊಣೆ' ಎಂದರೆ ಅವನ ಜಾಗದಲ್ಲಿ ನಾನು ನಿಂತೆ ಎಂದು ಅರ್ಥ. ಆದಿಕಾಂಡ 43:9ರಲ್ಲಿ ಯೆಹೂದ ತಮ್ಮ ಬೆನ್ಯಾಮೀನನಿಗೆ ಹೊಣೆಯಾಗುತ್ತಾನೆ. ಮುಂದಿನ ಅಧ್ಯಾಯದಲ್ಲಿ ಬೆನ್ಯಾಮೀನನ ಚೀಲದಲ್ಲಿ ಐಗುಪ್ತದ ಅಧಿಕಾರಿಯ ಬೆಳ್ಳಿಯ ಪಾತ್ರೆ ಸಿಕ್ಕಾಗ ಆ ಮಾತು ಯೆಹೂದನ ಮೇಲೆಯೇ ಬೀಳುತ್ತದೆ. ತಮ್ಮನ ಬದಲು ನಾನು ಗುಲಾಮನಾಗಿ ಇಲ್ಲಿ ಉಳಿಯುತ್ತೇನೆ ಎನ್ನುತ್ತಾನೆ (44:33). ಹೊಣೆ ಹೊತ್ತವನು ಮಾಡಬೇಕಾದ್ದು ಅದೇ. ಇಬ್ರಿಯ 7:22ರಲ್ಲಿ ಯೇಸುವಿಗೂ ಇದೇ ಶಬ್ದ ಬಂದಿದೆ, ಇನ್ನೂ ಶ್ರೇಷ್ಠವಾದ ಒಡಂಬಡಿಕೆಗೆ ಹೊಣೆಗಾರ ಎಂದು. ಹಾಗಾಗಿ ಹೊಣೆಯಾಗುವುದನ್ನು ಪಾಪ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಕ್ರಿಸ್ತನೇ ಮಾಡಿದ ಕೆಲಸ, ಮತ್ತು ಆತ ಪೂರ್ತಿ ತೆತ್ತ.

ಅಳತೆ ಬೇಕಾದರೆ ಸಿರಾಖನ ಗ್ರಂಥ ತೆಗೆಯಿರಿ. ಕಥೋಲಿಕ ಬೈಬಲಿನಲ್ಲಿ ಉಂಟು, ಪ್ರಾಟೆಸ್ಟಂಟ್ ಮುದ್ರಣದಲ್ಲಿ ಸಿಗುವುದಿಲ್ಲ. 8:13ರ ಸಾರ ಇಷ್ಟು: ಶಕ್ತಿ ಮೀರಿ ಹೊಣೆಯಾಗಬೇಡ, ಆದರೆ ತೆರಬೇಕಾದವನು ನೀನೇ ಎಂದುಕೊಂಡಿರು. 29ನೇ ಅಧ್ಯಾಯದಲ್ಲಿ 14ರಿಂದ 20ರವರೆಗೆ ಪೂರ್ತಿ ಇದೇ ವಿಷಯ. ಒಳ್ಳೆಯವನು ನೆರೆಯವನಿಗೆ ಹೊಣೆಯಾಗುತ್ತಾನೆ ಎಂದು ಶುರುವಾಗುತ್ತದೆ, ಕೈಲಾದಷ್ಟು ಮಾಡು, ನೀನೇ ಬೀಳದ ಹಾಗೆ ನೋಡಿಕೋ ಎಂಬಲ್ಲಿಗೆ ಮುಗಿಯುತ್ತದೆ. ನಡುವೆ ಸಾಲಗಾರನಿಗೂ ಒಂದು ಮಾತು ಉಂಟು: ನಿನಗಾಗಿ ಹೊಣೆ ನಿಂತವನ ಉಪಕಾರ ಮರೆಯಬೇಡ. ಸಾಲ ಕೇಳುವವರ ಕಿವಿಗೆ ಇದನ್ನು ಯಾರೂ ಹಾಕುವುದಿಲ್ಲ.

ಇನ್ನು ಗಲಾತ್ಯ. 6:2ರಲ್ಲಿ ಒಬ್ಬರ ಭಾರ ಒಬ್ಬರು ಹೊರಿ ಎಂದ ಪೌಲನೇ 6:5ರಲ್ಲಿ ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು ಎನ್ನುತ್ತಾನೆ. ಗ್ರೀಕಿನಲ್ಲಿ ಎರಡೂ ಕಡೆ ಬೇರೆ ಬೇರೆ ಶಬ್ದ. ಮೊದಲನೆಯದು 'ಬಾರೊಸ್', ಮನುಷ್ಯನನ್ನು ಜಜ್ಜಿಹಾಕುವ ತೂಕ. ಎರಡನೆಯದು 'ಫೊರ್ತಿಯೊನ್', ಅವರವರ ಪಾಲಿನ ಮೂಟೆ. ಡಯಾಲಿಸಿಸ್ ಖರ್ಚು, ಬಿದ್ದ ಮನೆಯ ಮಾಡು, ಇವೆಲ್ಲ ಮೊದಲನೆಯದಕ್ಕೆ ಸೇರುತ್ತವೆ. ಮದುವೆಗೆ ದೊಡ್ಡ ಹಾಲ್ ಹಿಡಿದು 600 ಜನರಿಗೆ ಊಟ ಹಾಕುವ ಖರ್ಚನ್ನು ನಾನಂತೂ ಮೊದಲನೆಯದರಲ್ಲಿ ಸೇರಿಸಲಾರೆ. ಯಾವ ವಚನ ಹಿಡಿಯುವುದು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಆ 5 ಲಕ್ಷ ಯಾವುದಕ್ಕೆ ಎಂಬುದರಲ್ಲಿ ಉಂಟು. ಕೇಳಿ ತಿಳಿದುಕೊಳ್ಳಿ, ಹೊಣೆ ನಿಲ್ಲುವವನಿಗೆ ಕೇಳುವ ಹಕ್ಕು ಉಂಟು.

ಲೆಕ್ಕದ ಪುಸ್ತಕ

ಮೇಲಿನವರು ವಚನ ಹೇಳಿದ್ದಾರೆ, ನಾನು ಕಾಗದ ಮತ್ತು ಅಂಕೆ ಹೇಳುತ್ತೇನೆ.

5 ಲಕ್ಷ, 12 ಪರ್ಸೆಂಟ್, ಇಳಿಕೆ ಬಡ್ಡಿಯಲ್ಲಿ (ಉಳಿದ ಅಸಲಿಗೆ ಮಾತ್ರ ಬಡ್ಡಿ) 60 ಕಂತು ಎಂದರೆ ತಿಂಗಳಿಗೆ ಸುಮಾರು 11,122 ರೂಪಾಯಿ. ಒಟ್ಟು ಕಟ್ಟುವುದು 6.67 ಲಕ್ಷ. 24 ಕಂತು ಸರಿಯಾಗಿ ಕಟ್ಟಿ ನಿಲ್ಲಿಸಿದರು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ 2.67 ಲಕ್ಷ ಕಟ್ಟಿ ಆಗಿರುತ್ತದೆ, ಆದರೂ ಬಾಕಿ ಇನ್ನೂ 3.35 ಲಕ್ಷ ಇರುತ್ತದೆ. ಕಟ್ಟಿದ್ದರಲ್ಲಿ ಒಂದು ಲಕ್ಷದಷ್ಟು ಬಡ್ಡಿಗೇ ಹೋಗಿರುತ್ತದೆ, ಅದಕ್ಕೆ. ಆರು ತಿಂಗಳು ಸುಸ್ತಿಯಾದರೆ, ಅಂದರೆ ಕಂತು ಕಟ್ಟದೆ ಬಾಕಿ ಬಿದ್ದರೆ, 3.55 ಲಕ್ಷದ ಹತ್ತಿರ ಹೋಗುತ್ತದೆ, ಸುಸ್ತಿ ಬಡ್ಡಿ ಬೇರೆ.

ಹೆಚ್ಚಿನವರು ತಪ್ಪು ತಿಳಿದಿರುವುದು ಇಲ್ಲಿ: ಸೊಸೈಟಿ ಮೊದಲು ಸಾಲಗಾರನನ್ನು ಹಿಡಿದು, ಅವನಲ್ಲಿ ಏನೂ ಸಿಗದಿದ್ದರೆ ಮಾತ್ರ ನಮ್ಮ ಹತ್ತಿರ ಬರುತ್ತದೆ ಎಂದು. ಹಾಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ, ಕರಾರಿನಲ್ಲಿ ಬೇರೆ ಬರೆದಿದ್ದರೆ ಮಾತ್ರ ಬೇರೆ. ಸಂಬಳದಾರ ಜಾಮೀನುದಾರನಿಂದ ವಸೂಲಿ ಸುಲಭ, ಹಾಗಾಗಿ ನೋಟಿಸು ಅವನಿಗೇ ಬೇಗ ತಲುಪುವುದುಂಟು. ಇಬ್ಬರು ಜಾಮೀನುದಾರರಿದ್ದಾರೆ, ನನ್ನದು ಅರ್ಧ ಎಂದೂ ನಂಬಬೇಡಿ. 146ನೇ ಕಲಮಿನ ಸಮಪಾಲು ನಿಮ್ಮಿಬ್ಬರ ನಡುವಿನದು. ಸೊಸೈಟಿ ಪೂರ್ತಿ ಮೊತ್ತವನ್ನು ಒಬ್ಬನಿಂದಲೇ ಕೇಳಬಹುದು, ಆಮೇಲೆ ಅರ್ಧಕ್ಕೆ ಇನ್ನೊಬ್ಬನ ಮನೆ ಬಾಗಿಲು ತಟ್ಟಬೇಕಾದವರು ನೀವು. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 70ನೇ ಕಲಮಿನಲ್ಲಿ ದಾವೆ ಹಾಕುವಾಗ ಸಾಲಗಾರ, ಜಾಮೀನುದಾರ ಎಲ್ಲರ ಹೆಸರೂ ಒಟ್ಟಿಗೆ ಇರುತ್ತದೆ.

ಹಾಗಾಗಿ ಸಹಿಗೆ ಮೊದಲು ಒಂದೇ ಲೆಕ್ಕ ಮಾಡಿ. ತಿಂಗಳಿಗೆ 11,122ನ್ನು ಮೂರು ವರ್ಷ ಕಟ್ಟಿಯೂ ನಿಮ್ಮ ಮಕ್ಕಳ ಫೀಸು, ಅಕ್ಕಿ, ಕರೆಂಟು ಬಿಲ್ಲು ನಡೆಯುತ್ತದಾ? ಲೂಕ 14:28ರಲ್ಲಿ ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಎಣಿಸುವುದು ಇದನ್ನೇ. ನಡೆಯುತ್ತದೆ ಎಂದಾದರೆ ಮಾತ್ರ ಮುಂದಿನ ಮಾತು.

ಕಾಗದಕ್ಕೆ ಬರೋಣ. ಜಾಮೀನು ಪತ್ರದಲ್ಲಿ ಮೊತ್ತ, ಬಡ್ಡಿ, ಕಂತು, ಸಾಲದ ಖಾತೆ ನಂಬರು ತುಂಬಿದ ಮೇಲೆಯೇ ಸಹಿ. 'ಆಮೇಲೆ ತುಂಬಿಸ್ತೇವೆ, ಗಡಿಬಿಡಿ ಉಂಟು' ಎಂದರೆ ನಾಳೆ ಬರುತ್ತೇನೆ ಎಂದು ಹೇಳಿ ಎದ್ದು ಬನ್ನಿ. ಭದ್ರತೆಗೆ ಚೆಕ್ ಕೇಳಿದರೆ ಖಾಲಿ ಚೆಕ್ ಕೊಡಬೇಡಿ. ಯಾವ ಸಾಲಕ್ಕೆ, ಯಾವ ನಂಬರಿನ ಚೆಕ್ ಎಂದು ಬರೆದ ಸ್ವೀಕೃತಿ ತೆಗೆದುಕೊಳ್ಳಿ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು, ಜಾಮೀನಿಗಿಂತ ಬೇರೆಯೇ ತಾಪತ್ರಯ. 'ಮುಂದುವರಿಯುವ ಜಾಮೀನು' ಎಂಬ ಶಬ್ದ ಪತ್ರದಲ್ಲಿ ಉಂಟಾ ನೋಡಿ. ಇದ್ದರೆ ಇವತ್ತಿನ 5 ಲಕ್ಷಕ್ಕೆ ಮಾತ್ರ ನಿಲ್ಲುವುದಿಲ್ಲ, ಮುಂದೆ ತೆಗೆಯುವ ಸಾಲಕ್ಕೂ ನಿಮ್ಮನ್ನೇ ಎಳೆಯಬಹುದು. ಗುಲಾಮ ಒನೇಸಿಮನ ಪರವಾಗಿ ಅವನ ಯಜಮಾನ ಫಿಲೆಮೋನನಿಗೆ ಬರೆದ ಪತ್ರದ 18, 19ನೇ ವಚನ ಓದಿದರೆ ಪೌಲ ಎಷ್ಟು ಹದವಾಗಿ ಬರೆದಿದ್ದಾನೆ ಎಂದು ಗೊತ್ತಾಗುತ್ತದೆ. ಒನೇಸಿಮ ನಿನಗೆ ಏನಾದರೂ ಕೊಡಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ, ಇದು ನನ್ನ ಸ್ವಂತ ಕೈಬರಹ. ಯಾರ ಸಾಲ, ಯಾರಿಗೆ, ತೀರಿಸುವವರು ಯಾರು, ಎಲ್ಲ ಸ್ಪಷ್ಟ. ಒನೇಸಿಮ ನಾಳೆ ಮಾಡುವ ಸಾಲದ ಬಗ್ಗೆ ಒಂದಕ್ಷರ ಇಲ್ಲ.

ಇನ್ನೊಂದು. ನೀವು ಮನೆ ಸಾಲಕ್ಕೆ ಹೋಗುವ ಅಂದಾಜು ಇದ್ದರೆ, ಜಾಮೀನು ಹಾಕಿದ ಬ್ಯಾಂಕ್ ಸಾಲ ನಿಮ್ಮ ಸಿಬಿಲ್ ವರದಿಯಲ್ಲೂ, ಅಂದರೆ ಬ್ಯಾಂಕುಗಳು ನೋಡುವ ನಿಮ್ಮ ಸಾಲದ ಇತಿಹಾಸದಲ್ಲೂ, ಕಾಣುತ್ತದೆ.

ಕುಲಶೇಖರದವ

ಕಲ್ಯಾಣಪುರದ ಸರ್, ಲೆಕ್ಕದ ಪುಸ್ತಕದವರೇ, ದೇವರು ಒಳ್ಳೆದು ಮಾಡಲಿ. ಲೆಕ್ಕ ಮಾಡಿ ನೋಡಿದೆ, 11 ಸಾವಿರ ನನ್ನಿಂದ ಸಾಧ್ಯವೇ ಇಲ್ಲ, 3 ಸಾವಿರ ಆದೀತು. ಹಾಗಾದರೆ ಬೇಡ ಅನ್ನುವುದು ಹೇಗೆ? ಪ್ರತಿ ಭಾನುವಾರ ಮುಖ ನೋಡಬೇಕು.

ಬಲ್ಮಠದ ಸಿಸ್ಟರ್

ಬ್ರದರ್, ಮತ್ತಾಯ 5:37 ಸಾಕು. ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ. ನಮ್ಮ ಊರಲ್ಲಿ ಆಗುವ ತಪ್ಪು ಯಾವುದೆಂದರೆ 'ನೋಡುವ', 'ಮನೆಯಲ್ಲಿ ಕೇಳಿ ಹೇಳ್ತೇನೆ' ಅಂತ ವಾರಗಟ್ಟಲೆ ಎಳೆಯುವುದು. ಅವರು ನಿಮ್ಮನ್ನೇ ನಂಬಿ ಬೇರೆಯವರನ್ನು ಕೇಳುವುದಿಲ್ಲ, ಕೊನೆಯ ವಾರದಲ್ಲಿ ನೀವು ಇಲ್ಲ ಅಂದಾಗ ಮನಸ್ಸು ಮುರಿಯುತ್ತದೆ. ಮುರಿಯುವುದು ಇಲ್ಲ ಅಂದದ್ದಕ್ಕಲ್ಲ, ತಡವಾಗಿ ಅಂದದ್ದಕ್ಕೆ. ಆರು ವಾರ ಇರುವಾಗಲೇ ಹೇಳಿ. ಫೋನಿನಲ್ಲಿ ಬೇಡ, ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ನಾಲ್ಕು ಜನರ ಎದುರೂ ಬೇಡ. ಅವರ ಮನೆಗೇ ಹೋಗಿ, ಗಂಡಹೆಂಡತಿ ಇಬ್ಬರೂ ಇರುವಾಗ ಕೂತು ಹೇಳಿ: 'ಕಂತು ನಿಂತರೆ ನನಗೆ ಕಟ್ಲಿಕ್ಕೆ ಆಗುವುದಿಲ್ಲ. ಕಟ್ಲಿಕ್ಕೆ ಆಗದವನು ಸಹಿ ಹಾಕಿದರೆ ಅದು ಸುಳ್ಳಾಗ್ತದೆ.' ಹೆಂಡತಿ ಒಪ್ಪುವುದಿಲ್ಲ ಅಂತ ನೆವ ಹೇಳಬೇಡಿ, ಆ ಮಾತು ಆಕೆಯ ಮೇಲೆ ಹೋಗಿ ಕೂರುತ್ತದೆ. ಅವರ ಸಂಬಳ, ಅವರ ಹಳೆಯ ಸಾಲ, ಯಾವುದನ್ನೂ ಎತ್ತಬೇಡಿ.

ಬರಿಗೈಯಲ್ಲಿ ಹೋಗಬೇಡಿ. ತಿಂಗಳಿಗೆ 3 ಸಾವಿರ ಆದೀತು ಅಂದಿರಲ್ಲ, ಐದು ವರ್ಷದ ಹೊಣೆಯ ಬದಲು ಮೂರು ತಿಂಗಳದ್ದು, 9 ಸಾವಿರ, ಕೈಯಲ್ಲಿ ಕೊಟ್ಟುಬಿಡಿ. ಲೂಕ 6:35ರ ಹಾಗೆ ವಾಪಸ್ಸು ಬರುತ್ತದೆಂಬ ಲೆಕ್ಕ ಇಡದೆ ಕೊಡಿ. ಸಾಲ ಅಂತ ಕೊಟ್ಟು ಮನಸ್ಸಿನಲ್ಲಿ ದಾನ ಅಂದುಕೊಳ್ಳುವುದು, ದಾನ ಅಂತ ಕೊಟ್ಟು ಮನಸ್ಸಿನಲ್ಲಿ ಸಾಲ ಅಂದುಕೊಳ್ಳುವುದು, ಎರಡೂ ನೆಂಟಸ್ತಿಕೆ ಕೆಡಿಸುತ್ತವೆ. ಯಾವುದು ಅಂತ ಕೊಡುವಾಗಲೇ ಬಾಯಿಬಿಟ್ಟು ಹೇಳಿ.

ಅವರಿಗೂ ದಾರಿಗಳು ಉಂಟು. ಮನೆಯಲ್ಲಿ ಚಿನ್ನ ಇದ್ದರೆ ಬಂಗಾರದ ಸಾಲಕ್ಕೆ ಜಾಮೀನುದಾರ ಬೇಡ. ಆದರೆ ಧರ್ಮೋಪದೇಶಕಾಂಡ 24:6 ನೆನಪಿರಲಿ. ಬೀಸುವ ಕಲ್ಲನ್ನು, ಅದರ ಮೇಲ್ಗಲ್ಲನ್ನು ಕೂಡ, ಅಡವು ಹಿಡಿಯಬಾರದು ಅಂತ ಅಲ್ಲಿ ಹೇಳಿದೆ. ಮೇಲ್ಗಲ್ಲು ಒಂದೇ ಹೋದರೂ ಆ ಮನೆಯಲ್ಲಿ ಹಿಟ್ಟು ಇಲ್ಲ, ಮರುದಿನ ರೊಟ್ಟಿ ಇಲ್ಲ. ಇವತ್ತಿಗೆ ಅದು ರಿಕ್ಷಾ, ಹೊಲಿಗೆ ಮಿಷನ್, ಮೀನಿನ ದೋಣಿಯ ಇಂಜಿನ್. ಕಪಾಟಿನಲ್ಲಿ ಕೂತ ಬಳೆ ಅಡವಿಗೆ ಹೋಗಲಿ, ಅನ್ನ ತರುವ ವಸ್ತು ಹೋಗದಿರಲಿ.

ಲೆಕ್ಕದ ಪುಸ್ತಕ

ಈಗಾಗಲೇ ಸಹಿ ಹಾಕಿ ಆದವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಸ್ವಲ್ಪ.

ಜ್ಞಾನೋಕ್ತಿ 6:1ರಿಂದ 5 ನಿಮಗಾಗಿಯೇ ಬರೆದದ್ದು. ಕಣ್ಣಿಗೆ ನಿದ್ದೆ ಕೊಡಬೇಡ, ಹೋಗು, ನೆರೆಯವನನ್ನು ಒತ್ತಾಯಿಸು, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ತಪ್ಪಿಸಿಕೋ ಎನ್ನುತ್ತದೆ. ಮುಚ್ಚಿಟ್ಟು ಕೂರಬೇಡ ಎಂದು ಅರ್ಥ. ಹಾಗಂತ ಸೊಸೈಟಿಗೆ ಪತ್ರ ಕೊಟ್ಟ ಮಾತ್ರಕ್ಕೆ ಈಗಾಗಲೇ ಕೊಟ್ಟ ಸಾಲದ ಜಾಮೀನಿನಿಂದ ಹೊರಬರಲಿಕ್ಕೆ ಆಗುವುದಿಲ್ಲ. ಬದಲಿ ಜಾಮೀನುದಾರನನ್ನು ಸೊಸೈಟಿ ಒಪ್ಪಬೇಕು, ಇಲ್ಲವೇ ಸಾಲಗಾರ ಬೇರೆ ಭದ್ರತೆ ಕೊಡಬೇಕು, ಇಲ್ಲವೇ ಸಾಲ ತೀರಬೇಕು. ಮುಂದುವರಿಯುವ ಜಾಮೀನಾದರೆ 130ನೇ ಕಲಮಿನಡಿ ನೋಟಿಸು ಕೊಟ್ಟು ಮುಂದಿನ ವ್ಯವಹಾರಕ್ಕಷ್ಟೇ ತಡೆ ಹಾಕಬಹುದು.

ಮೂರು ತಿಂಗಳಿಗೊಮ್ಮೆ ಸೊಸೈಟಿಗೆ ಹೋಗಿ ಸಾಲದ ಖಾತೆಯ ಬಾಕಿ ಕೇಳಿ. ಸಾಲಗಾರನ ಮಾತಿನ ಮೇಲೆ ಬಿಡಬೇಡಿ, ಕಷ್ಟದಲ್ಲಿರುವವರು ನಾಚಿಕೆಯಿಂದ ಹೇಳುವುದಿಲ್ಲ. ಒಂದು ಕಂತು ತಪ್ಪಿದಾಗಲೇ ಮನೆಗೆ ಹೋಗಿ ಮಾತಾಡಿದರೆ 11 ಸಾವಿರದ ವಿಷಯ, ಆರು ಕಂತು ಕಳೆದರೆ 66 ಸಾವಿರದ ವಿಷಯ. ಹೋದಾಗ ಧರ್ಮೋಪದೇಶಕಾಂಡ 24:10-11ರ ಮರ್ಯಾದೆ ಇರಲಿ: ಸಾಲ ಕೊಟ್ಟವನು ಅಡವು ತರಲಿಕ್ಕೆ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು, ಸಾಲಗಾರನೇ ತಂದುಕೊಡಬೇಕು. ಮಕ್ಕಳ ಎದುರು, ನೆರೆಕರೆಯವರಿಗೆ ಕೇಳುವ ಹಾಗೆ ಕೇಳಬೇಡಿ.

ನೀವೇ ಕಟ್ಟಬೇಕಾಗಿ ಬಂದರೆ ಸಾಲಗಾರನ ಕೈಗೆ ಹಣ ಕೊಟ್ಟು 'ನೀನೇ ಕಟ್ಟು' ಅನ್ನಬೇಡಿ. ನೇರ ಸಾಲದ ಖಾತೆಗೆ, ನಿಮ್ಮ ಬ್ಯಾಂಕ್ ಖಾತೆಯಿಂದ ಕಟ್ಟಿ, ರಶೀದಿಯಲ್ಲಿ 'ಜಾಮೀನುದಾರರಿಂದ' ಎಂದು ನಿಮ್ಮ ಹೆಸರು ಬರೆಸಿ. ಪೂರ್ತಿ ತೀರಿಸಿದರೆ ಸಾಲಗಾರ ಅಡವಿಟ್ಟ ಭದ್ರತೆಯ ಮೇಲೆ ಸೊಸೈಟಿಗಿದ್ದ ಹಕ್ಕು ನಿಮಗೆ ಬರುತ್ತದೆ. ಕಟ್ಟಿದ ಹಣವನ್ನು ಅವರಿಂದ ಕೇಳಿ ಪಡೆಯುವ ಹಕ್ಕು 145ನೇ ಕಲಮಿನಲ್ಲಿ ಉಂಟು, ಕಟ್ಟಿದ ದಿನದಿಂದ 3 ವರ್ಷದೊಳಗೆ. ಆ ಹಕ್ಕನ್ನು ಬಳಸುವುದೋ ಬಿಟ್ಟುಕೊಡುವುದೋ ಆಮೇಲೆ ಪ್ರಾರ್ಥನೆ ಮಾಡಿ ತೀರ್ಮಾನಿಸಿ. ರಶೀದಿ ಮಾತ್ರ ಅದೇ ದಿನ ತೆಗೆದಿಡಿ.